23 ಪ್ಲಗಿನ್ ಹಾಕಿದೆ, 14 ಮಾತ್ರ ಕಾಣುತ್ತಿವೆ: ಮೈನ್‌ಕ್ರಾಫ್ಟ್ ಪೇಪರ್ ಸರ್ವರ್

ಶಿಡ್ಲಘಟ್ಟ_ಸೊಪ್ಪು, ಶನಿವಾರ ಸಂಜೆ 6.10

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ರೇಷ್ಮೆ ಹುಳು ನಾಲ್ಕನೇ ಜ್ವರಕ್ಕೆ, ಅಂದರೆ ಮೇವು ಬಿಟ್ಟು ಪೊರೆ ಕಳಚಲು, ಕುಳಿತಿವೆ. ನಾಳೆ ಸಂಜೆಯವರೆಗೆ ಸೊಪ್ಪು ತರುವ ಕೆಲಸವಿಲ್ಲ. ಅಷ್ಟರೊಳಗೆ ಈ ಸರ್ವರ್ ಸರಿಯಾಗಬೇಕು.

ನಾವು ಒಂಬತ್ತು ಜನ ಸೇರಿ ಆಟದಲ್ಲಿ ನಂದಿ ಬೆಟ್ಟ ಕಟ್ಟುತ್ತಿದ್ದೇವೆ. ಬೆಟ್ಟದ ಎತ್ತರ 1,478 ಮೀಟರ್, ಆಟದ ಮೇಲ್ಮಿತಿ 320 ಬ್ಲಾಕ್. ಹಾಗಾಗಿ ಐದು ಮೀಟರಿಗೆ ಒಂದು ಬ್ಲಾಕ್ ಎಂದು ಲೆಕ್ಕ ಹಾಕಿಕೊಂಡೆವು. ಕೆಳಗೆ ಭೋಗನಂದೀಶ್ವರ ದೇವಸ್ಥಾನದ ಕಲ್ಯಾಣಿಯೂ ಮುಕ್ಕಾಲು ಮುಗಿದಿತ್ತು. ಹೋದ ವಾರ ಯಾರೋ ಬಂದು ಮೆಟ್ಟಿಲುಗಳನ್ನೆಲ್ಲ ಕಿತ್ತು ಲಾವಾ ಸುರಿದು ಹೋಗಿದ್ದಾರೆ.

ರಕ್ಷಣೆಗೆಂದು ವಿಡಿಯೊಗಳನ್ನು ನೋಡಿ 23 ಪ್ಲಗಿನ್ (ಸರ್ವರಿಗೆ ಹೊಸ ಸೌಲಭ್ಯ ಸೇರಿಸುವ ಫೈಲ್) ಇಳಿಸಿಕೊಂಡು ಎಲ್ಲವನ್ನೂ ಒಟ್ಟಿಗೆ ಫೋಲ್ಡರಿಗೆ ಹಾಕಿದೆ. ಸರ್ವರ್ ಶುರುವಾಗುತ್ತದೆ, ಆದರೆ ಪಟ್ಟಿಯಲ್ಲಿ 14 ಮಾತ್ರ ಇವೆ. ಅಂಗಡಿಯ ಪ್ಲಗಿನ್ ಇಲ್ಲವೇ ಇಲ್ಲ. ಮೊಬೈಲಿನಲ್ಲಿ ಆಡುವ ನಾಲ್ವರಿಗಾಗಿ ಆನ್‌ಲೈನ್ ಮೋಡ್ (ಆಟಗಾರರ ಖಾತೆ ಪರಿಶೀಲನೆ) ಆಫ್ ಮಾಡಿ ಎರಡು ವಾರವಾಯಿತು, ಆದರೂ ಅವರಿಗೆ ಒಳಗೆ ಬರಲಾಗುತ್ತಿಲ್ಲ. ಸರ್ವರ್ ತಂತ್ರಾಂಶ ಪೇಪರ್ 1.20.4, ವಿಂಡೋಸ್ 10, ಸರ್ವರಿಗೆ ಕೊಟ್ಟಿರುವುದು 4 ಜಿಬಿ.

ತಟ್ಟೆಇಡ್ಲಿ_ಕ್ಯಾತ್ಸಂದ್ರ, 6.32

ಸರ್ವರ್ ನಿಲ್ಲಿಸುವುದೇ ಬೇಡ. ರೀಲೋಡ್ ಆದೇಶ ಕೊಟ್ಟು ನೋಡಿ, ನನಗೆ ಒಮ್ಮೆ ಹಾಗೆಯೇ ಸರಿಹೋಗಿತ್ತು.

ಚಾಂಪಿಯನ್‌ರೀಫ್_ಗಣಿಗಾರ, 7.05

ರೀಲೋಡ್ ಬೇಡ. ಹಳೆಯ ಪ್ಲಗಿನ್‌ನ ಚೂರುಗಳು ಮೆಮೊರಿಯಲ್ಲೇ ಉಳಿದು ಮುಂದೆ ಯಾವುದು ಏಕೆ ಕೆಟ್ಟಿತು ಎಂದೇ ತಿಳಿಯದಂತಾಗುತ್ತದೆ. ಪೂರ್ತಿ ನಿಲ್ಲಿಸಿ, ಮತ್ತೆ ಶುರುಮಾಡಿ.

ಪ್ಲಗಿನ್ ವಿಷಯಕ್ಕೆ ಆಮೇಲೆ ಬರೋಣ. ಕಲ್ಯಾಣಿ ಕಿತ್ತವನು ಯಾವ ಹೆಸರಿನಲ್ಲಿ ಬಂದಿದ್ದ? ನಡೆದದ್ದನ್ನೆಲ್ಲ ಸರ್ವರ್ ಬರೆದಿಡುವ ಲಾಗ್ಸ್ ಫೋಲ್ಡರಿನಲ್ಲಿ ಆ ದಿನದ ಫೈಲ್ ಇರುತ್ತದೆ, ತೆರೆದು ನೋಡಿ. ಇವತ್ತಿನ ಲಾಗ್‌ನಲ್ಲಿ ಬಂದಿರುವ ದೋಷದ ಸಾಲುಗಳನ್ನೂ ಇಲ್ಲಿ ಹಾಕಿ.

ಶಿಡ್ಲಘಟ್ಟ_ಸೊಪ್ಪು, 7.40

ಅಣ್ಣ, ನನ್ನದೇ ಹೆಸರಿನಲ್ಲಿ ಬಂದಿದ್ದಾನೆ! ಬೆಳಿಗ್ಗೆ 6.20ಕ್ಕೆ. ನಾನು ಆಗ ತೋಟದಲ್ಲಿ ಸೊಪ್ಪು ಕೊಯ್ಯುತ್ತಿದ್ದೆ.

ದೋಷಗಳು ಹೀಗಿವೆ: ಐದು ಪ್ಲಗಿನ್‌ಗಳ ಮುಂದೆ ಕ್ಲಾಸ್ ಫೈಲ್ ವರ್ಷನ್ 65.0, ಈ ಜಾವಾಗೆ (ಸರ್ವರನ್ನು ನಡೆಸುವ ತಂತ್ರಾಂಶ) 61.0ರವರೆಗೆ ಮಾತ್ರ ಅರ್ಥವಾಗುತ್ತದೆ ಎಂದಿದೆ. ಎರಡರ ಮುಂದೆ ಅನ್‌ನೋನ್ ಡಿಪೆಂಡೆನ್ಸಿ, ವಾಲ್ಟ್, ಅಂದರೆ ಅವು ಕೇಳುವ ವಾಲ್ಟ್ ಪ್ಲಗಿನ್ ಸಿಕ್ಕಿಲ್ಲ. ಒಂದರಲ್ಲಿ ಪ್ಲಗಿನ್ ಡಾಟ್ ವೈಎಂಎಲ್ ಎಂಬ ವಿವರದ ಫೈಲ್ ಇಲ್ಲವಂತೆ. ಇನ್ನೊಂದು ಕಡೆ ಆಂಬಿಗ್ಯುಯಸ್ ಪ್ಲಗಿನ್ ನೇಮ್, ಎಸೆನ್ಷಿಯಲ್ಸ್ ಎಂದಿದೆ.

ಚಾಂಪಿಯನ್‌ರೀಫ್_ಗಣಿಗಾರ, 8.25

ಅಂದುಕೊಂಡದ್ದೇ ಆಯಿತು. ಆನ್‌ಲೈನ್ ಮೋಡ್ ಆಫ್ ಇದ್ದರೆ ಬಂದವನು ನಿಜವಾಗಿ ಯಾರು ಎಂದು ಸರ್ವರ್ ವಿಚಾರಿಸುವುದಿಲ್ಲ. ನಿಮ್ಮ ಹೆಸರು ಹಾಕಿಕೊಂಡು ಬಂದವನಿಗೆ ನಿಮ್ಮ ಆಪರೇಟರ್ (ಮೇಲ್ವಿಚಾರಕ) ಅಧಿಕಾರವೂ ಸಿಗುತ್ತದೆ. ಇದಕ್ಕೆ ರಕ್ಷಣೆಯ ಪ್ಲಗಿನ್ ಹಾಕುವುದು ಹಿಂಬಾಗಿಲು ತೆರೆದಿಟ್ಟು ಮುಂಬಾಗಿಲಿಗೆ ಬೀಗ ಜಡಿದಂತೆ. ಮೊದಲು ಅದನ್ನು ಆನ್ ಮಾಡಿ. ಒಂದು ಎಚ್ಚರ: ಮೋಡ್ ಬದಲಿಸಿದರೆ ಆಟಗಾರರ ಗುರುತಿನ ಸಂಖ್ಯೆಯೂ ಬದಲಾಗುತ್ತದೆ, ಕೈಯಲ್ಲಿರುವ ಸಾಮಾನು ಕಾಣೆಯಾಗುತ್ತದೆ. ಅದಕ್ಕೆ ಮೊದಲೇ ಎಲ್ಲರೂ ತಮ್ಮದನ್ನು ಪೆಟ್ಟಿಗೆಗಳಲ್ಲಿ ಇಡಲಿ. ನೀವೂ ಕನ್ಸೋಲ್‌ನಿಂದ ಮತ್ತೆ ಆಪರೇಟರ್ ಆಗಬೇಕಾಗುತ್ತದೆ.

ಇನ್ನು ಪಟ್ಟಿಯಲ್ಲಿ ಕಾಣದ ಆ ಒಂಬತ್ತು ಪ್ಲಗಿನ್. 65ರಲ್ಲಿ 44 ಕಳೆಯಿರಿ, 21 ಬರುತ್ತದೆ. 61ರಲ್ಲಿ ಕಳೆದರೆ 17. ಅಂದರೆ ಆ ಐದೂ ಜಾವಾ 21 ಕೇಳುತ್ತಿವೆ, ನಿಮ್ಮಲ್ಲಿರುವುದು 17. ಪೇಪರ್ 1.20.4 ಜಾವಾ 21ರ ಮೇಲೂ ನಡೆಯುತ್ತದೆ, ಹೆದರಬೇಡಿ. ವೈಎಂಎಲ್ ಇಲ್ಲದ ಫೈಲ್ ಬಹುಶಃ ಫ್ಯಾಬ್ರಿಕ್ ಎಂಬ ಬೇರೆ ವ್ಯವಸ್ಥೆಗಾಗಿ ಮಾಡಿದ ಮಾಡ್, ಪ್ಲಗಿನ್ನೇ ಅಲ್ಲ, ಅಳಿಸಿ. ಎಸೆನ್ಷಿಯಲ್ಸ್ ಎರಡು ಸಲ ಇಳಿದಿದೆ, ಹೆಸರಿನ ಕೊನೆಯಲ್ಲಿ ಕಂಸದೊಳಗೆ 1 ಇರುವ ಫೈಲ್ ಹುಡುಕಿ. ಯಾವುದು ಹೊಸದೋ ಅದನ್ನು ಉಳಿಸಿಕೊಳ್ಳಿ.

ವಾಲ್ಟ್ ಬಗ್ಗೆ ಎಲ್ಲರೂ ಎಡವುತ್ತಾರೆ. ಅದು ಹಣದ ಪ್ಲಗಿನ್ ಅಲ್ಲ, ಮಧ್ಯವರ್ತಿ. ಮಂಡಿಯಲ್ಲಿ ದಲ್ಲಾಳಿ ಇದ್ದಂತೆ: ಅಂಗಡಿಯ ಪ್ಲಗಿನ್ ಇವನನ್ನು ಕೇಳುತ್ತದೆ, ಇವನು ಹಣ ಇಟ್ಟುಕೊಂಡಿರುವವರನ್ನು ಕೇಳುತ್ತಾನೆ. ನಿಮ್ಮಲ್ಲಿ ಹಣ ಇಟ್ಟುಕೊಂಡಿರುವುದು ಎಸೆನ್ಷಿಯಲ್ಸ್‌ಎಕ್ಸ್, ಲಾಗ್‌ನಲ್ಲಿ ಎಸೆನ್ಷಿಯಲ್ಸ್ ಎಂದು ಕಾಣುವುದೂ ಅದೇ. ಮೂರೂ ಇದ್ದರೆ ಮಾತ್ರ ವ್ಯಾಪಾರ.

ನನ್ನ ಕೇಳಿದರೆ 23 ಬೇಡವೇ ಬೇಡ. ವಿಡಿಯೊ ಕೆಳಗಿನ ಕೊಂಡಿಗಳಿಂದ ಇಳಿಸಿದ್ದನ್ನೆಲ್ಲ ಎಸೆದುಬಿಡಿ. 2023ರ ಜೂನ್‌ನಲ್ಲಿ ಹೆಸರುವಾಸಿ ತಾಣಗಳಲ್ಲಿದ್ದ ಮಾಡ್, ಪ್ಲಗಿನ್‌ಗಳೊಳಗೇ ಫ್ರಾಕ್ಚರೈಸರ್ ಎಂಬ ಕುತಂತ್ರಾಂಶ ಸೇರಿಕೊಂಡಿತ್ತು. ಹೆಸರಿಲ್ಲದ ತಾಣಗಳ ಮಾತು ಹೇಳುವುದೇ ಬೇಡ. ಹ್ಯಾಂಗರ್ ಅಥವಾ ಮಾಡ್ರಿಂತ್ ಎಂಬ ಪ್ಲಗಿನ್ ತಾಣಗಳಿಂದ ಹೊಸದಾಗಿ ತನ್ನಿ. ಅಧಿಕಾರ ಹಂಚಲು ಲಕ್‌ಪರ್ಮ್ಸ್, ಕಲ್ಯಾಣಿಗೆ ಬೇಲಿ ಹಾಕಲು ವರ್ಲ್ಡ್‌ಗಾರ್ಡ್, ಅದು ಕೇಳುವ ವರ್ಲ್ಡ್‌ಎಡಿಟ್, ಯಾರು ಯಾವ ಕಲ್ಲು ಕಿತ್ತರು ಎಂದು ಬರೆದಿಡಲು ಕೋರ್‌ಪ್ರೊಟೆಕ್ಟ್. ಒಂದೊಂದಾಗಿ ಹಾಕಿ, ಪ್ರತಿ ಸಲವೂ ಲಾಗ್ ನೋಡಿ. ಬೇಸರದ ಕೆಲಸ ನಿಜ. ನಮ್ಮೂರು ಕೆಜಿಎಫ್‌ನ ಚಿನ್ನದ ಗಣಿ 2001ರಲ್ಲೇ ಮುಚ್ಚಿತು, ಈಗ ಲಾಗ್ ಅಗೆಯುವುದೇ ನನಗೆ ಗಣಿಗಾರಿಕೆ.

ಶಿಡ್ಲಘಟ್ಟ_ಸೊಪ್ಪು, ಭಾನುವಾರ ಬೆಳಿಗ್ಗೆ 9.15

ಜಾವಾ 21 ಹಾಕಿದೆ, ಕಂಪ್ಯೂಟರನ್ನೂ ಆರಿಸಿ ಹಚ್ಚಿದೆ. ಮತ್ತೆ ಅದೇ 61.0. ಕೋರ್‌ಪ್ರೊಟೆಕ್ಟ್‌ನಿಂದ ಹೋದ ವಾರದ ಮೆಟ್ಟಿಲು ವಾಪಸು ಬರುತ್ತವೆಯೇ?

ಚಾಂಪಿಯನ್‌ರೀಫ್_ಗಣಿಗಾರ, 9.50

ಬರುವುದಿಲ್ಲ. ತಾನು ಬಂದ ಮೇಲೆ ನಡೆದದ್ದು ಮಾತ್ರ ಅದಕ್ಕೆ ಗೊತ್ತು. ಹಳೆಯ ಬ್ಯಾಕಪ್ ಇದ್ದರೆ ನೋಡಿ.

ಸರ್ವರ್ ಶುರುಮಾಡುವ ಬ್ಯಾಚ್ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆಯಿರಿ. ಮೊದಲ ಪದ ಏನಿದೆ?

ಶಿಡ್ಲಘಟ್ಟ_ಸೊಪ್ಪು, 10.20

ಸಿಕ್ಕಿತು! ಜಾವಾ 17ರ ಫೋಲ್ಡರಿನ ಪೂರ್ತಿ ವಿಳಾಸವನ್ನೇ ಅಲ್ಲಿ ಬರೆದಿಟ್ಟಿದ್ದೆ, ಯಾವಾಗ ಎಂದೂ ನೆನಪಿಲ್ಲ. 21ರ ವಿಳಾಸ ಹಾಕಿದೆ, ಐದೂ ಎದ್ದವು. ಆದರೆ ಅವುಗಳಲ್ಲಿ ಮೂರು ಏಕೆ ಬೇಕಿತ್ತು ಎಂದು ನನಗೇ ತಿಳಿಯದೆ ತೆಗೆದುಬಿಟ್ಟೆ. ಆನ್‌ಲೈನ್ ಮೋಡ್ ಆನ್ ಆಗಿದೆ. ಬ್ಯಾಕಪ್ ಇಲ್ಲ. ಮೊಬೈಲಿನವರು?

ತಟ್ಟೆಇಡ್ಲಿ_ಕ್ಯಾತ್ಸಂದ್ರ, 11.00

ಇದು ನನಗೆ ಖಚಿತವಾಗಿ ಗೊತ್ತು, ನಮ್ಮ ಸರ್ವರಿನಲ್ಲಿ ಎಲ್ಲರೂ ಮೊಬೈಲಿನವರೇ. ಮೊಬೈಲಿನಲ್ಲಿರುವುದು ಆಟದ ಬೆಡ್‌ರಾಕ್ ಆವೃತ್ತಿ, ನಿಮ್ಮದು ಆಟದ ಜಾವಾ ಆವೃತ್ತಿ. ಆನ್‌ಲೈನ್ ಮೋಡ್‌ಗೂ ಅದಕ್ಕೂ ಸಂಬಂಧವಿಲ್ಲ. ಗೀಸರ್ ಹಾಕಿ, ಅದು ಎರಡರ ನಡುವೆ ದುಭಾಷಿ. ಜೊತೆಗೆ ಫ್ಲಡ್‌ಗೇಟ್ ಹಾಕಿದರೆ ಅವರಿಗೆ ಜಾವಾ ಖಾತೆ ಬೇಕಿಲ್ಲ. ನಿಮ್ಮ ಸರ್ವರ್ ಹಳೆಯ ಆವೃತ್ತಿಯದು, ಹಾಗಾಗಿ ಹೊಸ ಆವೃತ್ತಿಯಿಂದ ಬರುವವರನ್ನು ಒಳಬಿಡುವ ವಯಾವರ್ಷನ್ ಕೂಡ ಬೇಕು. ರೂಟರಿನಲ್ಲಿ ಹೊರಗಿನವರು ಬರುವ ದಾರಿ, ಅಂದರೆ ಪೋರ್ಟ್ 25565 ಟಿಸಿಪಿ, ಈಗಾಗಲೇ ತೆರೆದಿರುತ್ತೀರಿ. ಬೆಡ್‌ರಾಕ್‌ಗೆ 19132, ಅದು ಯುಡಿಪಿ. ನಾನು ಅದನ್ನೂ ಟಿಸಿಪಿ ಎಂದು ಹಾಕಿ ಒಂದು ರಾತ್ರಿ ಕಳೆದವನು.

ಶಿಡ್ಲಘಟ್ಟ_ಸೊಪ್ಪು, ಸಂಜೆ 5.35

ಈಗ ಒಟ್ಟು ಹತ್ತು ಪ್ಲಗಿನ್, ಹತ್ತೂ ಹಸಿರು. ಮೊಬೈಲಿನ ನಾಲ್ವರೂ ಬಂದರು. ಅವರ ಹೆಸರಿನ ಆರಂಭದಲ್ಲಿ ಒಂದೊಂದು ಚುಕ್ಕಿ ಇದೆ, ಅದು ಫ್ಲಡ್‌ಗೇಟ್ ಇಡುವುದೇ ಎಂದು ಆಮೇಲೆ ಓದಿ ತಿಳಿದೆ. ಬೇಲಿ ಪರೀಕ್ಷಿಸಲು ಅವರಲ್ಲೊಬ್ಬನಿಗೆ ಮೆಟ್ಟಿಲು ಒಡೆಯಲು ಹೇಳಿದೆ. ಎಷ್ಟು ಕುಟ್ಟಿದರೂ ಕಲ್ಲು ಹಾಗೇ ಮರಳಿ ಬರುತ್ತಿದೆ. ಕಿತ್ತುಹೋದ ಸಾಲುಗಳನ್ನು ಕೆಳಗಿನಿಂದ ಮತ್ತೆ ಕಟ್ಟಲು ಶುರುಮಾಡಿದ್ದಾರೆ. ಇಬ್ಬರಿಗೂ ಧನ್ಯವಾದ ಅಣ್ಣ.

ಹುಳು ಜ್ವರದಿಂದ ಎದ್ದಿವೆ, ಅಪ್ಪ ಕೂಗುತ್ತಿದ್ದಾರೆ. ಇನ್ನೊಂದು ವಾರ ಹಗಲು ರಾತ್ರಿ ಸೊಪ್ಪೇ.