ಹೊಸ ಬಲ್ಬ್ ಹಾಕಿದರೂ ಹೈ ಬೀಮ್ ಮಂಕು

ಘಾಟಿದಾರಿ:
ತಲೆ ಕೆಟ್ಟು ಹೋಗಿದೆ. ಹೆಡ್‌ಲೈಟಿಗೆ ಹೊಸ ಬಲ್ಬ್ ಹಾಕಿಸಿ ಎರಡು ವಾರ ಆಗಿಲ್ಲ, ಹೈ ಬೀಮ್ ಹಳದಿಯಾಗಿ ಮಂಕಾಗಿ ಬೀಳುತ್ತಿದೆ. ನಿನ್ನೆ ರಾತ್ರಿ ಸಕಲೇಶಪುರ ದಾಟಿ ಶಿರಾಡಿ ಇಳಿಯುವಾಗ ತಿರುವೇ ಕಾಣಲಿಲ್ಲ. ಹಿಂದಿನ ಸೀಟಲ್ಲಿ ಮಕ್ಕಳು ಮಲಗಿದ್ದರು. ಯಾರಾದರೂ ಬೇಗ ಹೇಳಿ.

ಹಳೇಗಾಡಿ:
ಯಾವ ಕಾರು ಅಂತ ಬರೆದಿಲ್ಲ. ಇರಲಿ, ಇದು ಲೆನ್ಸಿನದೇ ಕಾಟ. ಬಿಸಿಲಿಗೆ ಪ್ಲಾಸ್ಟಿಕ್ ಹಳದಿ ತಿರುಗಿರುತ್ತದೆ. 1000, ಆಮೇಲೆ 2000 ನಂಬರ್ ವಾಟರ್ ಪೇಪರ್ ಹಿಡಿದು ಉಜ್ಜಿ ಪಾಲಿಶ್ ಕೊಡಿ.

ಕರಾವಳಿಗ:
ಬಲ್ಬ್ ಎಷ್ಟು ವ್ಯಾಟ್ ಮಾರಾಯ್ರೆ? ಲೋ ಬೀಮ್ ಹೇಗಿದೆ?

ಘಾಟಿದಾರಿ:
ಎಚ್4, ಹೈ ಲೋ ಎರಡೂ ಒಂದೇ ಬಲ್ಬಲ್ಲಿ. 100/90, ಅಂದ್ರೆ ಹೈಗೆ 100, ಲೋಗೆ 90 ವ್ಯಾಟ್. 2010ರ ಕಾರು. ಲೋ ಬೀಮ್ ಚೆನ್ನಾಗಿಯೇ ಇದೆ.

ಹಳೇಗಾಡಿ:
2010 ಅಂದ್ರೆ ಲೆನ್ಸೇ ಬಿಡಿ.

ಕರಾವಳಿಗ:
ಲೋ ಬೀಮೂ ಅದೇ ಲೆನ್ಸಿಂದ ಬರೋದು ಅಲ್ವಾ? ಲೆನ್ಸ್ ಬಿಡಿ. ಗಾಡಿ ಜೊತೆ ಬರುವ ಬಲ್ಬ್ 60/55. ಹೈ ಬೀಮ್‌ನಲ್ಲಿ ಒಂದಕ್ಕೆ 5 ಆಂಪ್ ಸಾಕು. 100 ವ್ಯಾಟಿಗೆ 8ರ ಮೇಲೆ ಬೇಕು, ಎರಡೂ ಸೇರಿದರೆ 16 ದಾಟುತ್ತದೆ. ಸಣ್ಣ ವೈರು ಅಷ್ಟು ತಡೆಯೋದಿಲ್ಲ, ವೋಲ್ಟೇಜ್ ದಾರಿಯಲ್ಲೇ ಹೋಗುತ್ತದೆ. ಹ್ಯಾಲೋಜನ್‌ಗೆ ವೋಲ್ಟೇಜ್ 10% ಇಳಿದರೆ ಬೆಳಕು ಸುಮಾರು 30% ಇಳಿಯುತ್ತದೆ. ಹೈ ಬೀಮ್ ಹಾಕಿಟ್ಟು ಬಲ್ಬಿನ ಹಿಂದೆ ವೋಲ್ಟ್ ಮೀಟರ್ ಹಿಡಿಯಿರಿ. ಆಮೇಲೆ ಬಲ್ಬಿನ ಹಿಂದೆ ವೈರ್ ಸಿಕ್ಕಿಸುವ ಕಪ್ಲರ್ ಕಳಚಿ ನೋಡಿ.

ಬೆಟ್ಟದಜೀಪು:
ಎಲ್‌ಇಡಿ ಹಾಕಿ ಮುಗಿಸಿ. ನನ್ನ ಜೀಪಿಗೆ ಹೆಡ್‌ಲೈಟ್ ಎಲ್‌ಇಡಿ, ಬಂಪರ್ ಮೇಲೆ 55 ವ್ಯಾಟಿನ ಎರಡು ದುಂಡು ಲ್ಯಾಂಪ್. ಬೇರೆ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟು ಆನ್ ಮಾಡುವ ಸ್ವಿಚ್ಚು), ಬೇರೆ ಫ್ಯೂಸ್, ಎಲ್ಲ ನಾನೇ ಕೂತು ಮಾಡಿದ್ದು. ಮುಳ್ಳಯ್ಯನಗಿರಿ ದಾರಿ ಹಗಲಿನ ಹಾಗೆ ಕಾಣುತ್ತದೆ.

ತೋಟದಮನೆ:
ಹ್ಯಾಲೋಜನ್‌ಗೆ ಮಾಡಿದ ರಿಫ್ಲೆಕ್ಟರಿಗೆ ಎಲ್‌ಇಡಿ ಹಾಕಿದರೆ ಬೆಳಕು ಚೆಲ್ಲಾಪಿಲ್ಲಿ. ಎದುರಿಗೆ ಬರೋ ಬಸ್ಸಿನವರ ಕಣ್ಣಿಗೆ ಹೊಡೆಯುತ್ತದೆ. ಮಂಜಿನಲ್ಲಂತೂ ಮುಂದೆ ಬಿಳಿ ಗೋಡೆ.

ಬೆಟ್ಟದಜೀಪು:
ಒಳ್ಳೇ ಎಲ್‌ಇಡಿ ನೀವು ನೋಡಿಲ್ಲ. ನನಗೆ ಯಾರೂ ಡಿಪ್ ಹೊಡೆದಿಲ್ಲ.

ತೋಟದಮನೆ:
ವಾರಕ್ಕೆ ಎರಡು ಸಲ ಚಾರ್ಮಾಡಿ ಇಳಿಯುತ್ತೇನೆ ಸರ್. ಯಾರ ಲೈಟು ಹೇಗೆ ಅಂತ ನನ್ನ ಕಣ್ಣಿಗೆ ಗೊತ್ತು.

ಘಾಟಿದಾರಿ:
ಎಂಜಿನ್ ಓಡುವಾಗ ಬ್ಯಾಟರಿ ಹತ್ತಿರ 13.9, ಬಲ್ಬಿನ ಹತ್ತಿರ 10.8 ವೋಲ್ಟ್. ಎಡಗಡೆ ಕಪ್ಲರ್ ಕೈಗೆ ಬರಲೇ ಇಲ್ಲ. ಒಂದು ಪಿನ್ನಿನ ಸುತ್ತ ಪ್ಲಾಸ್ಟಿಕ್ ಕಂದಾಗಿ ಕರಗಿ ಬಲ್ಬಿಗೇ ಅಂಟಿಕೊಂಡಿತ್ತು. ವೈರ್ ಬಗ್ಗಿಸಿದರೆ ಸಿಪ್ಪೆ ಚಕ್ಕೆಯಾಗಿ ಉದುರುತ್ತಿದೆ. ಕೈ ನಡುಗಿತು.

ಕರಾವಳಿಗ:
ಅದೇ ನೋಡಿ, 3 ವೋಲ್ಟ್ ದಾರಿಯಲ್ಲೇ ಖಾಲಿ. ಇವತ್ತೇ 100/90 ತೆಗೆದು 60/55 ಹಾಕಿ. ಗಾಜಿಗೆ ಬೆರಳು ತಾಗಿಸಬೇಡಿ. ಸುಟ್ಟ ವೈರ್ ಕತ್ತರಿಸಿ, ಎರಡೂ ಕಡೆ ಸೆರಾಮಿಕ್ ಕಪ್ಲರ್ ಹಾಕಿಸಿ. ರಿಲೇ ಕಿಟ್ ಹಾಕಿದರೆ ಬ್ಯಾಟರಿಯಿಂದ ನೇರ ಕರೆಂಟು ಬರುತ್ತದೆ, ಫ್ಯೂಸ್ ಬ್ಯಾಟರಿ ಪಕ್ಕದಲ್ಲೇ ಇರಲಿ. ಕಿಟ್ ಕೊಳ್ಳುವ ಮೊದಲು ಒಂದು ವಿಷಯ. ಕೆಲವು ಕಾರಲ್ಲಿ ಸ್ವಿಚ್ ಇರೋದು ಪ್ಲಸ್ ಕಡೆ ಅಲ್ಲ, ಅರ್ಥ್ ಕಡೆ, ಅಂದ್ರೆ ಬಾಡಿಗೆ ಹೋಗುವ ಮೈನಸ್ ವೈರಲ್ಲಿ. ಸಾದಾ ಕಿಟ್ ಅದಕ್ಕೆ ಆಗೋದಿಲ್ಲ.

ಹಳೇಗಾಡಿ:
ಆದರೂ ಲೆನ್ಸ್ ಒಮ್ಮೆ ಉಜ್ಜಿ.

ಘಾಟಿದಾರಿ:
ಅರ್ಥ್ ಕಡೆ ಅಂತ ಗೊತ್ತಾಗೋದು ಹೇಗೆ ಅಣ್ಣ? ಶನಿವಾರ ಮತ್ತೆ ಇಳಿಯಬೇಕು.

ಕರಾವಳಿಗ:
ಎರಡೂ ಕಡೆ ಕಪ್ಲರ್ ಕಳಚಿ ಲೈಟ್ ಆನ್ ಮಾಡಿ. ಮೀಟರಿನ ಕಪ್ಪು ವೈರ್ ಬಾಡಿಗೆ, ಕೆಂಪು ಮೂರೂ ತೂತಿಗೆ ಒಂದೊಂದಾಗಿ. ಲೋದಿಂದ ಹೈಗೆ ಹಾಕಿದಾಗ 12 ವೋಲ್ಟ್ ಜಾಗ ಬದಲಿಸಿದರೆ ಸಾದಾ ಕಿಟ್ ಸಾಕು. ಒಂದೇ ಜಾಗದಲ್ಲಿ ಉಳಿದರೆ ಅರ್ಥ್ ಸ್ವಿಚ್. ನೋಡಿ ಬರೆಯಿರಿ, ಯಾವ ಕಿಟ್ ಅಂತ ಹೇಳ್ತೇನೆ.