ಜ್ವರ ಬಿಟ್ಟಿದೆ, ಮಲೇರಿಯಾ ಮಾತ್ರೆ ನಿಲ್ಲಿಸಿ ಕಷಾಯ ಕುಡಿದರೆ ಸಾಕಾ?

ಬಸವನಗುಡಿ ಅಣ್ಣ: ನನ್ನ ತಮ್ಮ ಮಂಗಳೂರಿನಲ್ಲಿ ಕಟ್ಟಡದ ಕೆಲಸ ಮುಗಿಸಿ ಬಂದ. ಬಂದ ವಾರಕ್ಕೇ ಚಳಿಜ್ವರ. ರಕ್ತ ಪರೀಕ್ಷೆಯಲ್ಲಿ ವೈವಾಕ್ಸ್ ಮಲೇರಿಯಾ ಅಂತ ಬಂತು. ಮೂರು ದಿನ ಕ್ಲೋರೋಕ್ವಿನ್ ನುಂಗಿದ, ಜ್ವರ ಬಿಟ್ಟಿತು. ಪ್ರೈಮಾಕ್ವಿನ್ ಮಾತ್ರ 14 ದಿನ ತಗೋಬೇಕಂತೆ. ಇವತ್ತಿಗೆ ಐದು ದಿನ. "ಮಾತ್ರೆ ಉಷ್ಣ, ಸಾಕು ಬಿಡು" ಅಂತ ಅಜ್ಜಿ ನೆಲಬೇವು, ಅಮೃತಬಳ್ಳಿ ಕುದಿಸಿ ಕೊಡುತ್ತಿದ್ದಾರೆ. ಮಾತ್ರೆ ನಿಲ್ಲಿಸಬಹುದಾ?

ಹಿತ್ತಲ ಗಿಡ: ಅಜ್ಜಿ ಮಾತು ತಳ್ಳಿಹಾಕಬೇಡಿ ಸಾರ್. ಮಲೇರಿಯಾ ಔಷಧಿ ಕ್ವಿನೈನ್ ಬಂದದ್ದು ಸಿಂಕೋನಾ ಮರದ ತೊಗಟೆಯಿಂದ. ಇನ್ನೊಂದು ಮಲೇರಿಯಾ ಔಷಧಿ ಆರ್ಟೆಮಿಸಿನಿನ್ ಬಂದದ್ದು ಚೀನಾದ ಸೊಪ್ಪಿನಿಂದ. ಅದನ್ನು ಕಂಡುಹಿಡಿದ ತೂ ಯೂಯೂ ಅವರಿಗೆ 2015ರಲ್ಲಿ ನೊಬೆಲ್ ಬಂತು. ಗಿಡದಲ್ಲಿ ಗುಣ ಇಲ್ಲದೆ ಇದೆಲ್ಲ ಆಯ್ತಾ?

ಲ್ಯಾಬ್ ಹುಡುಗಿ: ಗುಣ ಇದೆ, ಒಪ್ಪಿದೆ. ಆದರೆ ತೂ ಯೂಯೂ ಕಥೆ ಪೂರ್ತಿ ಹೇಳಿ. ಸೊಪ್ಪು ಕುದಿಸಿ ತೆಗೆದ ರಸ ಸರಿಯಾಗಿ ಕೆಲಸ ಮಾಡಲಿಲ್ಲ. ನಾಲ್ಕನೇ ಶತಮಾನದ ಒಂದು ಹಳೇ ವೈದ್ಯಗ್ರಂಥದಲ್ಲಿ ಸೊಪ್ಪನ್ನು ನೀರಲ್ಲಿ ನೆನೆಸಿ ಹಿಂಡು ಅಂತಿತ್ತು, ಕುದಿಸು ಅಂತಿರಲಿಲ್ಲ. ಬಿಸಿಗೆ ಗುಣ ಕೆಡುತ್ತಿರಬಹುದು ಅಂತ ಅವರಿಗೆ ಹೊಳೆದದ್ದು ಅಲ್ಲಿ. ಈಥರ್ ಬಳಸಿ, ಕಡಿಮೆ ಶಾಖದಲ್ಲಿ ಸಾರ ತೆಗೆದರು. ಅಂದರೆ ಅದೇ ಗಿಡ ಕೂಡ ಕಷಾಯವಾದರೆ ನಂಬೋಕಾಗಲ್ಲ. ಒಂದು ಗಿಡಕ್ಕೂ ಇನ್ನೊಂದಕ್ಕೂ ಸತ್ವದ ಪ್ರಮಾಣ ಬೇರೆ. ಮಾರ್ಕೆಟ್‌ನಲ್ಲಿ ಹೂವಿನ ಜೊತೆ ಕಟ್ಟುವ ದವನ ಇದೆಯಲ್ಲ, ಅದೂ ಆ ಚೀನಾ ಸೊಪ್ಪಿನ ಆರ್ಟೆಮಿಸಿಯಾ ಜಾತಿಯದೇ. ಹಾಗಂತ ದವನ ತಿಂದರೆ ಮಲೇರಿಯಾ ಹೋಗಲ್ಲ.

ಅಣ್ಣ, ನಿಮ್ಮ ಪ್ರಶ್ನೆಗೆ ಬರ್ತೀನಿ. ನಾನು ದಿನಾ ರಕ್ತ ಸವರಿದ ಗಾಜಿನ ಸ್ಲೈಡ್ ನೋಡುವವಳು. ಕೆಂಪು ರಕ್ತಕಣದೊಳಗೆ ಪುಟ್ಟ ಉಂಗುರದ ಹಾಗೆ ಕಾಣುತ್ತದೆ ಮಲೇರಿಯಾದ ಪರಾವಲಂಬಿ. ಕ್ಲೋರೋಕ್ವಿನ್ ಕೊಲ್ಲುವುದು ಅದನ್ನು. ವೈವಾಕ್ಸ್ ಯಕೃತ್ತಿನಲ್ಲೂ ಅಡಗಿ ಮಲಗಿರುತ್ತದೆ, ಅದು ಸ್ಲೈಡಿಗೆ ಸಿಗಲ್ಲ. ಪ್ರೈಮಾಕ್ವಿನ್ 14 ದಿನ ಕೊಡುವುದು ಆ ಮಲಗಿರುವುದಕ್ಕೆ.

ಯಶವಂತಪುರದವಳು: ನನಗೆ ಹೀಗೇ ಆಗಿತ್ತು. ಜ್ವರ ಬಿಟ್ಟ ಮೇಲೆ ಸುಮ್ನೆ ಯಾಕೆ ಅಂತ ನಾಲ್ಕನೇ ದಿನಕ್ಕೆ ಮಾತ್ರೆ ಬಿಟ್ಟೆ. ಎರಡೂವರೆ ತಿಂಗಳಿಗೆ, ಬಸ್ಸಲ್ಲಿ ಕೂತಿದ್ದಾಗ, ಹಲ್ಲು ಕಟಕಟ ಅನ್ನುವ ಹಾಗೆ ನಡುಕ ಬಂತು. ಮತ್ತೆ ಮೊದಲಿಂದ ಎಲ್ಲಾ ಮಾತ್ರೆ. ಮಾತ್ರೆ ಕೊಟ್ಟ ಕ್ಲಿನಿಕ್‌ನಲ್ಲಿ 14 ದಿನ ಯಾಕೆ ಅಂತ ಯಾರೂ ಹೇಳಿರಲಿಲ್ಲ. ಒಂದು ಮಾತು ಹೇಳಿದ್ದರೆ ಬಿಡುತ್ತಿರಲಿಲ್ಲ.

ಹಿತ್ತಲ ಗಿಡ: ಅದಕ್ಕೇ ಜನ ಕಷಾಯದ ಕಡೆ ಹೋಗೋದು ಅಕ್ಕ. ಅಜ್ಜಿ ಪಕ್ಕದಲ್ಲಿ ಕೂತು ಮಾತಾಡಿಸ್ತಾರೆ. ಯಕೃತ್ತಿನ ವಿಷಯ ನನಗೆ ಗೊತ್ತಿರಲಿಲ್ಲ, ಮಾತ್ರೆ ಬಿಡಿ ಅಂತ ನಾನೂ ಹೇಳಲ್ಲ. ಆದರೆ "ಉಷ್ಣ" ಅನ್ನೋದು ಪೂರ್ತಿ ಸುಳ್ಳಾ?

ಲ್ಯಾಬ್ ಹುಡುಗಿ: ಪೂರ್ತಿ ಸುಳ್ಳಲ್ಲ. ಖಾಲಿ ಹೊಟ್ಟೆಯಲ್ಲಿ ತಗೊಂಡರೆ ಹೊಟ್ಟೆ ನೋವು ಬರುತ್ತದೆ, ಊಟ ಮಾಡಿ ತಗೋಬೇಕು. ಅದಕ್ಕಿಂತ ಮುಖ್ಯ, ಕೆಲವರ ರಕ್ತದಲ್ಲಿ ಜಿ6ಪಿಡಿ ಅನ್ನುವ ಕಿಣ್ವ ಹುಟ್ಟಿನಿಂದಲೇ ಕಡಿಮೆ. ಅಂಥವರಿಗೆ ಈ ಮಾತ್ರೆಯಿಂದ ರಕ್ತಕಣ ಒಡೆಯುತ್ತವೆ. ಮೂತ್ರ ಕಪ್ಪು ಕಾಫಿ ಬಣ್ಣಕ್ಕೆ ತಿರುಗಿದರೆ ಮಾತ್ರೆ ನಿಲ್ಲಿಸಿ ಆಗಲೇ ಡಾಕ್ಟರ ಹತ್ತಿರ ಹೋಗಬೇಕು. ಗರ್ಭಿಣಿಯರಿಗೆ ಇದನ್ನು ಕೊಡುವುದೇ ಇಲ್ಲ. ಕಷಾಯ ಕುಡೀತಿರೋದನ್ನೂ ಡಾಕ್ಟರಿಗೆ ಹೇಳಿ, ಮುಚ್ಚಿಡಬೇಡಿ.

ಬಸವನಗುಡಿ ಅಣ್ಣ: ತಮ್ಮನನ್ನು ಕೇಳಿದೆ, ಮೂತ್ರದ ಬಣ್ಣ ಮಾಮೂಲಾಗಿದೆಯಂತೆ. ಅಜ್ಜಿಗೆ ಯಕೃತ್ತಿನ ವಿಷಯ ಹೇಳಿದೆ. "ಅಡಗಿ ಕೂತಿದೆಯಾ? ಹಾಗಾದರೆ ನುಂಗಲಿ" ಅಂದರು. ಉಳಿದ ಒಂಬತ್ತು ದಿನಕ್ಕೆ ಕ್ಯಾಲೆಂಡರಿನಲ್ಲಿ ಅವರೇ ಗುರುತು ಹಾಕಿದ್ದಾರೆ, ರಾತ್ರಿ ಊಟ ಆದ ಮೇಲೆ ಒಂದೊಂದು ಹೊಡೆಯೋಕೆ.