ಕಿಲ್ಟ್‌ಗೆ ಧರಿಸುವ ಪಿನ್: ಗಂಡಭೇರುಂಡವೇ, ಆನೆಯೇ?

ಪ್ರಶ್ನೆ
ಬರೆದವರು: ಕುವೆಂಪುನಗರ ನಿವಾಸಿ, ಮೈಸೂರು

ಎಲ್ಲರಿಗೂ ನಮಸ್ಕಾರ. ಗ್ಲ್ಯಾಸ್ಗೋದಲ್ಲಿ ಕೆಲಸದಲ್ಲಿರುವ ನನ್ನ ತಮ್ಮನಿಗೆ ಅಲ್ಲಿಯದೇ ಮನೆತನವೊಂದರ ಹುಡುಗಿಯೊಂದಿಗೆ ಮದುವೆ ನಿಶ್ಚಯವಾಗಿದೆ. ಧಾರೆ ಮೈಸೂರಿನಲ್ಲಿ ನಡೆಯಲಿದ್ದು, ನವೆಂಬರ್ ತಿಂಗಳಲ್ಲಿ ಗ್ಲ್ಯಾಸ್ಗೋದಲ್ಲಿ ಆರತಕ್ಷತೆ ಇದೆ. ಆ ದಿನ ಗಂಡಿನ ಕಡೆಯ ಗಂಡಸರೂ ಕಿಲ್ಟ್ (ಸ್ಕಾಟ್ಲೆಂಡಿನ ಗಂಡಸರು ಸೊಂಟಕ್ಕೆ ಸುತ್ತಿ ಉಡುವ, ಚೌಕಳಿಯ ನೆರಿಗೆ ಉಡುಪು) ಉಟ್ಟರೆ ತಮಗೆ ಬಹಳ ಸಂತೋಷವಾಗುತ್ತದೆ ಎಂದು ಬೀಗರು ಹೇಳಿ ಕಳುಹಿಸಿದ್ದಾರೆ. ನಮ್ಮ ತಂದೆಯವರೂ ಒಪ್ಪಿದ್ದಾರೆ. ಕಿಲ್ಟ್, ಜಾಕೆಟ್, ಮುಂದೆ ತೂಗುಬಿಡುವ ಸ್ಪೊರನ್ ಚೀಲ, ಉದ್ದನೆಯ ಕಾಲುಚೀಲ ಎಲ್ಲವನ್ನೂ ಅಲ್ಲಿಯ ಅಂಗಡಿಯೊಂದರಿಂದ ಬಾಡಿಗೆಗೆ ತರುತ್ತಾರಂತೆ. ಕಿಲ್ಟ್‌ನ ಅಂಚಿಗೆ ಚುಚ್ಚುವ ಪಿನ್ ಮಾತ್ರ ನಮ್ಮದೇ ಇರಲಿ ಎಂಬುದು ನನ್ನ ಆಸೆ. ಕತ್ತಿ, ಥಿಸಲ್ ಹೂವು, ಸಾರಂಗದ ತಲೆ, ಇವನ್ನು ಅಲ್ಲಿ ಎಲ್ಲರೂ ಧರಿಸುತ್ತಾರೆ. ಮೈಸೂರಿನಿಂದ ಹೋದವರ ಉಡುಪಿನಲ್ಲಿ ಮೈಸೂರಿನದೇ ಒಂದು ಗುರುತು ಇರಬೇಕಲ್ಲವೇ?

ಸದ್ಯಕ್ಕೆ ಮೂರು ವಸ್ತುಗಳು ನನ್ನ ಮನಸ್ಸಿನಲ್ಲಿವೆ. ಮೊದಲನೆಯದು, ಮೈಸೂರು ಪೇಟದ ಮುಂಭಾಗಕ್ಕೆ ಸಿಕ್ಕಿಸುವ ಗಂಡಭೇರುಂಡದ ಪಿನ್. ಎರಡನೆಯದು, ರಾಜ್ಯೋತ್ಸವಕ್ಕೆ ಅಂಗಿಗೆ ಹಚ್ಚಿಕೊಳ್ಳುವ ಹಳದಿ-ಕೆಂಪು ಬ್ಯಾಡ್ಜ್. ಮೂರನೆಯದನ್ನು ಆನ್‌ಲೈನ್‌ನಲ್ಲಿ ಹಳೆಯ ವಸ್ತುಗಳನ್ನು ಮಾರುವ ಕಡೆ ನೋಡಿದೆ: ನಕ್ಷತ್ರದಾಕಾರದ ಲೋಹದ ಬ್ಯಾಡ್ಜ್, ನಡುವೆ ಕಹಳೆ, ಕೆಳಗೆ ಒಂದು ಪುಟ್ಟ ಆನೆ, ಜೊತೆಗೆ ‘ಅಸ್ಸಾಯೆ’ ಎಂಬ ಇಂಗ್ಲಿಷ್ ಬರಹ. ಸ್ಕಾಟ್ಲೆಂಡಿನ ವಸ್ತುವಿನಲ್ಲಿ ನಮ್ಮ ಜಂಬೂಸವಾರಿಯ ಆನೆಯನ್ನು ಕಂಡಂತಾಗಿ ಬಹಳ ಇಷ್ಟವಾಯಿತು. ಇವುಗಳಲ್ಲಿ ಯಾವುದನ್ನು ಆರಿಸಬೇಕು, ಎಲ್ಲವನ್ನೂ ಒಟ್ಟಿಗೆ ಧರಿಸಬಹುದೇ, ಬೀಗರ ಮನಸ್ಸಿಗೆ ನೋವಾಗುವಂಥದ್ದು ಇದರಲ್ಲಿ ಏನಾದರೂ ಇದೆಯೇ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ
ಬರೆದವರು: ಜಯಲಕ್ಷ್ಮೀಪುರಂ, ಹಿಂದೆ ಎಡಿನ್‌ಬರೋದಲ್ಲಿದ್ದವರು

ನಿಮ್ಮ ತಮ್ಮನಿಗೂ ವಧುವಿಗೂ ಶುಭಾಶಯಗಳು. ಕಿಲ್ಟ್‌ನ ಮೇಲೆ ಒಂದೇ ಪಿನ್ ಧರಿಸುವುದು ವಾಡಿಕೆ. ಟಾರ್ಟನ್ ಬಟ್ಟೆಯ ಚೌಕಳಿಯೇ ಕಣ್ತುಂಬುವಷ್ಟು ಇರುವುದರಿಂದ, ಅದರ ಮೇಲೆ ಎರಡು ಮೂರು ಬ್ಯಾಡ್ಜ್‌ಗಳನ್ನು ಚುಚ್ಚಿದರೆ ಒಂದೂ ಎದ್ದು ಕಾಣುವುದಿಲ್ಲ. ಹಳದಿ-ಕೆಂಪು ಬ್ಯಾಡ್ಜ್‌ಗೆ ಜಾಕೆಟ್‌ನ ಎಡಗಡೆಯ ಕಾಲರ್ ಪಟ್ಟಿ ಸರಿಯಾದ ಜಾಗ. ನವೆಂಬರ್ ತಿಂಗಳಾದ್ದರಿಂದ ಅದನ್ನು ಧರಿಸಿಯೇ ಹೋಗಿ ಎಂದು ನಾನು ಹೇಳುತ್ತೇನೆ.

ಪಿನ್ ಚುಚ್ಚುವ ರೀತಿಯನ್ನು ಮಾತ್ರ ಗಮನವಿಟ್ಟು ತಿಳಿದುಕೊಳ್ಳಿ. ಕಿಲ್ಟ್‌ನ ಮುಂಭಾಗದಲ್ಲಿ ನೆರಿಗೆಯಿಲ್ಲದ ಎರಡು ಪದರಗಳು ಒಂದರ ಮೇಲೊಂದು ಬರುತ್ತವೆ. ಮೇಲಿನ ಪದರ ಉಟ್ಟವರ ಬಲಗಡೆಗೆ ಬಂದು ಮುಗಿಯುತ್ತದೆ, ಅಲ್ಲಿ ಎಳೆಗಳನ್ನು ಬಿಡಿಸಿದ ಕುಚ್ಚಿನ ಅಂಚಿರುತ್ತದೆ. ಸಾಮಾನ್ಯವಾಗಿ ಆ ಅಂಚಿನಿಂದ 2 ಅಂಗುಲ ಒಳಗೆ, ಕೆಳತುದಿಯಿಂದ ಸುಮಾರು 4 ಅಂಗುಲ ಮೇಲೆ, ಅಂಚಿಗೆ ಸಮಾನಾಂತರವಾಗಿ ಪಿನ್ ನಿಲ್ಲುತ್ತದೆ. ಅದನ್ನು ಮೇಲಿನ ಪದರಕ್ಕಷ್ಟೇ ಚುಚ್ಚಬೇಕು. ಎರಡೂ ಪದರಗಳನ್ನು ಸೇರಿಸಿ ಚುಚ್ಚಿದರೆ ಕುಳಿತು ಏಳುವಾಗ ಬಟ್ಟೆ ಎಳೆದು ಹರಿಯುತ್ತದೆ, ನಡೆಯುವಾಗ ಕಿಲ್ಟ್ ಬೀಳಬೇಕಾದಂತೆ ಬೀಳುವುದೂ ಇಲ್ಲ. ಗಾಳಿಗೆ ಕಿಲ್ಟ್ ತೆರೆದುಕೊಳ್ಳದಂತೆ ಪಿನ್ ಎರಡು ಪದರಗಳನ್ನು ಕಟ್ಟಿ ಹಿಡಿಯುತ್ತದೆ ಎಂದು ಅನೇಕರು ಭಾವಿಸುತ್ತಾರೆ. ಆ ಕೆಲಸ ಸೊಂಟದ ಬಳಿಯ ಚರ್ಮದ ಪಟ್ಟಿ ಮತ್ತು ಬಕಲ್‌ಗಳದ್ದು. ಪಿನ್ ಅಲಂಕಾರಕ್ಕೂ, ಅಂಚಿಗೆ ಸ್ವಲ್ಪ ಭಾರ ಕೊಡುವುದಕ್ಕೂ ಇದೆ.

ಇನ್ನೊಂದು ಮಾತು. ಬಕಲ್ ಹಾಕಿದ ಬೆಲ್ಟ್‌ನ ವೃತ್ತದೊಳಗೆ ಪ್ರಾಣಿಯೋ ಕೈಯೋ ಇರುವ ಬ್ಯಾಡ್ಜ್‌ಗಳು ಅಲ್ಲಿಯ ಅಂಗಡಿಗಳಲ್ಲಿ ಧಾರಾಳವಾಗಿ ಸಿಗುತ್ತವೆ. ಅವು ಕುಲದ ಬ್ಯಾಡ್ಜ್‌ಗಳು. ಒಳಗಿರುವ ಚಿಹ್ನೆ ಕುಲದ ಮುಖ್ಯಸ್ಥನದು, ಸುತ್ತಲಿನ ಬೆಲ್ಟ್ ಅದನ್ನು ಧರಿಸಿದವರು ಆತನ ಅನುಯಾಯಿಗಳೆಂಬುದರ ಗುರುತು. ಸ್ಕಾಟ್ಲೆಂಡಿನಲ್ಲಿ ಇಂಥ ಲಾಂಛನಗಳ ವಿಷಯವನ್ನು ನೋಡಿಕೊಳ್ಳಲು ಲಾರ್ಡ್ ಲಯನ್ ಎಂಬ ಅಧಿಕಾರಿಯೇ ಇದ್ದಾರೆ. ಬೀಗರು ತಾವಾಗಿಯೇ ಕೊಟ್ಟರೆ ಗೌರವದಿಂದ ಧರಿಸಿ, ಚೆನ್ನಾಗಿದೆ ಎಂಬ ಕಾರಣಕ್ಕೆ ಅಂಗಡಿಯಲ್ಲಿ ಕೊಳ್ಳಬೇಡಿ.

ಉತ್ತರ
ಬರೆದವರು: ಗಂಜಾಂ, ಶ್ರೀರಂಗಪಟ್ಟಣ

ಕುವೆಂಪುನಗರದವರೇ, ಆ ಆನೆಯ ಬ್ಯಾಡ್ಜ್ ಬಗ್ಗೆ ನಾನು ಬರೆಯಲೇಬೇಕಾಗಿದೆ. ನಿಮ್ಮ ವಿವರಣೆಯ ಪ್ರಕಾರ ಅದು ಹೈಲ್ಯಾಂಡ್ ಲೈಟ್ ಇನ್‌ಫೆಂಟ್ರಿ ಎಂಬ ಸೇನಾದಳದ ಟೋಪಿಯ ಬ್ಯಾಡ್ಜ್. ಬ್ರಿಟಿಷ್ ಸೈನ್ಯದ 71 ಮತ್ತು 74ನೆಯ ಹೈಲ್ಯಾಂಡ್ ದಳಗಳನ್ನು 1881ರಲ್ಲಿ ಸೇರಿಸಿ ಈ ದಳವನ್ನು ಕಟ್ಟಲಾಯಿತು. 1959ರಲ್ಲಿ ಅದು ಮತ್ತೊಂದು ದಳದೊಂದಿಗೆ ವಿಲೀನವಾಯಿತು. ಆನೆಯ ಚಿಹ್ನೆ 74ನೆಯ ದಳದಿಂದ ಬಂದದ್ದು. 1803ರ ಸೆಪ್ಟೆಂಬರ್ 23ರಂದು ಇಂದಿನ ಮಹಾರಾಷ್ಟ್ರದಲ್ಲಿರುವ ಅಸ್ಸಾಯೆಯಲ್ಲಿ ಮರಾಠರ ವಿರುದ್ಧ ನಡೆದ ಯುದ್ಧಕ್ಕಾಗಿ ಆ ಗೌರವ ಸಿಕ್ಕಿತು. ಅಂದರೆ ಅದು ಅಂಬಾರಿ ಹೊರುವ ಆನೆಯಲ್ಲ, ಯುದ್ಧವೊಂದರ ಗೆಲುವಿನ ಮುದ್ರೆ.

ಅಷ್ಟೇ ಆಗಿದ್ದರೆ ನಾನು ಇಷ್ಟು ಒತ್ತಿ ಹೇಳುತ್ತಿರಲಿಲ್ಲ. ಅದಕ್ಕೆ ನಾಲ್ಕು ವರ್ಷ ಮೊದಲು, 1799ರ ಮೇ 4ರಂದು, ನಮ್ಮೂರಿನ ಕೋಟೆಯನ್ನು ಒಡೆದು ಒಳನುಗ್ಗಿದ ಸೈನ್ಯದಲ್ಲಿ ಇದೇ 74ನೆಯ ದಳದವರು ಇದ್ದರು. ದಾಳಿಯ ಮುಂದಾಳು ಡೇವಿಡ್ ಬೇರ್ಡ್ ಸ್ಕಾಟ್ಲೆಂಡಿನವನು. 1780ರ ಪೊಳ್ಳಿಲೂರು ಯುದ್ಧದಲ್ಲಿ ಹೈದರ್ ಮತ್ತು ಟಿಪ್ಪುವಿನ ಸೈನ್ಯಕ್ಕೆ ಸೆರೆಸಿಕ್ಕು 1784ರವರೆಗೆ ಶ್ರೀರಂಗಪಟ್ಟಣದಲ್ಲೇ ಬಂಧಿಯಾಗಿದ್ದವನು. ಅದೇ ಯುದ್ಧದಲ್ಲಿ ಸೆರೆಯಾದ ಕರ್ನಲ್ ಬೇಲಿ 1782ರಲ್ಲಿ ಇಲ್ಲಿಯೇ ತೀರಿಕೊಂಡ. ಆತನ ಹೆಸರಿನ ಬಂದೀಖಾನೆಯನ್ನು ನೋಡಲು ಇಂದಿಗೂ ಜನ ಬರುತ್ತಾರೆ. ಹೀಗೆ ನಮ್ಮ ಊರಿಗೂ ಆ ನಾಡಿಗೂ ಇರುವ ನಂಟಿನಲ್ಲಿ ಎರಡೂ ಕಡೆಯವರ ನೋವು ಸೇರಿದೆ. ಆ ಬ್ಯಾಡ್ಜ್ ಧರಿಸಿ ಸೇವೆ ಸಲ್ಲಿಸಿದವರ ಮೊಮ್ಮಕ್ಕಳು ಗ್ಲ್ಯಾಸ್ಗೋದ ಮದುವೆಮನೆಯಲ್ಲಿ ಇರಲೂಬಹುದು, ಏಕೆಂದರೆ ಅದು ಆ ನಗರದವರೇ ಹೆಚ್ಚಾಗಿ ಸೇರುತ್ತಿದ್ದ ದಳ. ಸೇವೆ ಸಲ್ಲಿಸದವರು ಸೇನಾದಳದ ಬ್ಯಾಡ್ಜ್ ಹಾಕಿಕೊಂಡರೆ ಅವರಿಗೆ ಸರಿಯೆನಿಸುವುದಿಲ್ಲ. ಟಿಪ್ಪುವಿನ ರಾಜಧಾನಿಯ ನೆರೆಯವರಾದ ನಮಗೂ ಅದು ಸಲ್ಲುವುದಿಲ್ಲ.

ಇದೇ ಹುಡುಕಾಟದಲ್ಲಿ, 1799ರ ಗೆಲುವಿಗಾಗಿ ಈಸ್ಟ್ ಇಂಡಿಯಾ ಕಂಪನಿ ಕೊಟ್ಟ ಶ್ರೀರಂಗಪಟ್ಟಣದ ಹೆಸರಿನ ಪದಕದ ನಕಲುಗಳೂ ನಿಮ್ಮ ಕಣ್ಣಿಗೆ ಬೀಳಬಹುದು. ಅದರ ಒಂದು ಮುಖದಲ್ಲಿ ಸಿಂಹವೊಂದು ಹುಲಿಯನ್ನು ಕೆಡವಿ ಮೆಟ್ಟಿರುವ ಚಿತ್ರವಿದೆ. ಆ ಹುಲಿ ಯಾರೆಂದು ಬಿಡಿಸಿ ಹೇಳಬೇಕಾಗಿಲ್ಲ. ಹುಲಿಯೇ ಬೇಕೆಂದಿದ್ದರೆ ಟಿಪ್ಪುವಿನ ಬಟ್ಟೆ, ಬಂದೂಕುಗಳ ಮೇಲೆ ಕಾಣುವ ಬಬ್ರಿ ಪಟ್ಟೆಯ ವಿನ್ಯಾಸವಿದೆ. ನಡುವೆ ಉಬ್ಬಿ ತುದಿಗಳಲ್ಲಿ ಬಾಗುವ ಆ ಒಂದು ಪಟ್ಟೆಯನ್ನು ಬೆಳ್ಳಿಯಲ್ಲಿ ಉದ್ದವಾಗಿ ಮಾಡಿಸಿದರೆ, ಕಿಲ್ಟ್ ಪಿನ್‌ಗೆ ಅದಕ್ಕಿಂತ ಒಪ್ಪುವ ಆಕಾರ ನನಗೆ ತೋಚುವುದಿಲ್ಲ.

ಉತ್ತರ
ಬರೆದವರು: ಬೆಳ್ಳಿ ಕೆಲಸ, ಅಶೋಕ ರಸ್ತೆ

ಸರ್, ಪೇಟದ ಗಂಡಭೇರುಂಡವನ್ನು ಹಾಗೆಯೇ ಬಳಸಬೇಡಿ. ಅದು ತೆಳುವಾದ ತಗಡನ್ನು ಅಚ್ಚಿನಲ್ಲಿ ಒತ್ತಿ ಮೇಲೆ ಲೋಹದ ಲೇಪ ಕೊಟ್ಟ ವಸ್ತು. ಹಿಂದಿನ ಸೂಜಿ ರೇಷ್ಮೆಯ ಪೇಟಕ್ಕೆ ಸಾಕಾಗುತ್ತದೆಯೇ ಹೊರತು, ಗಜವೊಂದಕ್ಕೆ 13ರಿಂದ 16 ಔನ್ಸ್ ತೂಗುವ ಉಣ್ಣೆಗೆ ಚುಚ್ಚಿದರೆ ಬಾಗುತ್ತದೆ. ಜೊತೆಗೆ ಪೇಟದ ಪಕ್ಷಿ ಅಗಲಕ್ಕೆ ರೆಕ್ಕೆ ಬಿಚ್ಚಿರುತ್ತದೆ, ಕಿಲ್ಟ್ ಪಿನ್‌ಗೆ ಬೇಕಾದದ್ದು ಉದ್ದನೆಯ ಆಕಾರ.

ಮಾಡಿಸುವುದಾದರೆ ಹೀಗೆ ಹೇಳಿ ಮಾಡಿಸಿ. ಎರಡು ತಲೆಗಳು ಮೇಲೆ ಬರಲಿ, ರೆಕ್ಕೆಗಳು ಮೈಗೆ ಅಂಟಿಕೊಂಡು ಕೆಳಗಿಳಿಯಲಿ, ಬಾಲದ ಗರಿಗಳನ್ನು ಎಳೆದು ಒಟ್ಟು ಉದ್ದ 3 ಅಂಗುಲಕ್ಕೆ ತನ್ನಿ. ಕೊಕ್ಕುಗಳ ತುದಿಯನ್ನೂ ಗರಿಗಳ ಅಂಚನ್ನೂ ಅರ ಹಾಕಿ ದುಂಡಗೆ ಮಾಡಿಸಬೇಕು. ಅಲ್ಲಿ ಒಂದು ಸಣ್ಣ ಮುಳ್ಳು ಉಳಿದರೂ ಉಣ್ಣೆಯ ಎಳೆ ಸಿಕ್ಕಿಕೊಂಡು ಬರುತ್ತದೆ. ಅಪ್ಪಟ ಬೆಳ್ಳಿ ಮೆತುವಾದ್ದರಿಂದ 92.5ರ ಬೆಳ್ಳಿ ತೆಗೆದುಕೊಳ್ಳಿ. ಚುಚ್ಚುವ ಸೂಜಿ ಮಾತ್ರ ಸ್ಟೀಲಿನದ್ದಾಗಿರಬೇಕು, ಮೇಲಿನಿಂದ ಕೆಳಕ್ಕೆ ಪಕ್ಷಿಯ ಬೆನ್ನುದ್ದಕ್ಕೂ ಇರಬೇಕು, ಕೊಂಡಿಗೆ ತಿರುಗಿಸಿ ಮುಚ್ಚುವ ಬೀಗ ಇರಬೇಕು. ನೃತ್ಯವಿರುವ ಸಮಾರಂಭದಲ್ಲಿ ತೆರೆದ ಕೊಂಡಿಯನ್ನು ನಂಬಲಾಗದು. ತೂಕ 25 ಗ್ರಾಂ ಮೀರದಿರಲಿ, ಬಾಡಿಗೆಯ ಕಿಲ್ಟ್ ತೆಳುವಾಗಿದ್ದರೆ ಅದಕ್ಕಿಂತ ಕಡಿಮೆಯೇ ಲೇಸು.

ಹಿತ್ತಾಳೆ ಅಥವಾ ಕಂಚಿನ ಬಣ್ಣ ಇಷ್ಟವಾಗುವುದಾದರೆ ನಾಗಮಂಗಲದ ಕಡೆ ವಿಚಾರಿಸಿ. ಅಲ್ಲಿ ಮೂರ್ತಿಗಳನ್ನು ಮೇಣದ ಅಚ್ಚಿನಲ್ಲಿ ಎರಕ ಹೊಯ್ಯುವ ಕುಶಲಕರ್ಮಿಗಳಿದ್ದಾರೆ. ಗರಿಗಳ ಗೆರೆ ಎರಕದಲ್ಲಿ ಬಹಳ ಚೆನ್ನಾಗಿ ಬರುತ್ತದೆ. ಒಂದು ಎಚ್ಚರಿಕೆ: ಪಕ್ಷಿಯನ್ನು ಮಾತ್ರ ಮಾಡಿಸಿ, ರಾಜ್ಯ ಸರ್ಕಾರದ ಲಾಂಛನವನ್ನು ಇಡಿಯಾಗಿ ಮಾಡಿಸಬೇಡಿ. ಅದರ ಮೇಲ್ಭಾಗದಲ್ಲಿ ಅಶೋಕನ ಸಿಂಹಗಳಿವೆ, ಅವುಗಳ ಖಾಸಗಿ ಬಳಕೆಯನ್ನು 2005ರ ಕಾಯಿದೆ ನಿರ್ಬಂಧಿಸುತ್ತದೆ. ಗಂಡಭೇರುಂಡವಾದರೆ ಒಡೆಯರಿಗಿಂತಲೂ ಹಿಂದಿನದು; ಬಳ್ಳಿಗಾವಿಯ ಕಂಬದ ಮೇಲೆ ಹನ್ನೊಂದನೆಯ ಶತಮಾನದಲ್ಲೇ ನಿಂತಿದೆ.

ಉತ್ತರ
ಬರೆದವರು: ಒಂಟಿಕೊಪ್ಪಲು, ಸೀರೆ ಕುಚ್ಚು ಮತ್ತು ಫಾಲ್ಸ್

ಮೈಸೂರು ರೇಷ್ಮೆ ಸೀರೆಯ ಸೆರಗಿಗೆ ಪಿನ್ ಹಾಕುವಾಗ ಸುರುಳಿಯ ಬಳಿ ಎಳೆ ಸಿಕ್ಕದಂತೆ ನಾವು ಒಂದು ಮಣಿ ಪೋಣಿಸುತ್ತೇವಲ್ಲ, ಕಿಲ್ಟ್‌ಗೂ ಅದೇ ಎಚ್ಚರಿಕೆ ಬೇಕು. ಬಟ್ಟೆಯ ಹಿಂಬದಿಯಲ್ಲಿ ಅದೇ ಬಣ್ಣದ ಉಣ್ಣೆಯ ಚಿಕ್ಕ ತುಂಡನ್ನು ಇಟ್ಟು, ಅದನ್ನೂ ಸೇರಿಸಿ ಚುಚ್ಚಿ. ಭಾರ ಹಂಚಿಹೋಗಿ ತೂತು ದೊಡ್ಡದಾಗುವುದಿಲ್ಲ. ಬಾಡಿಗೆಯ ಬಟ್ಟೆಯಾದ್ದರಿಂದ ಸ್ವಂತ ಪಿನ್ ಚುಚ್ಚಲು ಅಂಗಡಿಯವರ ಒಪ್ಪಿಗೆಯನ್ನು ಮೊದಲೇ ಕೇಳಿ ಪಡೆದುಕೊಳ್ಳಿ. ಅವರೇ ಒಂದು ಪಿನ್ ಕೊಟ್ಟಿದ್ದರೆ ಅದನ್ನು ತೆಗೆದ ಜಾಗದಲ್ಲೇ ನಿಮ್ಮದನ್ನು ಹಾಕಿದರೆ ಹೊಸ ತೂತು ಬೀಳುವುದಿಲ್ಲ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಆನೆಯ ಬ್ಯಾಡ್ಜನ್ನು ಕೈಬಿಟ್ಟಿದ್ದೇನೆ. ಗಂಜಾಂನವರು ಬರೆದದ್ದನ್ನು ತಂದೆಯವರಿಗೂ ಓದಿ ಹೇಳಿದೆ. ಬಬ್ರಿ ಪಟ್ಟೆಯ ವಿಚಾರ ಅವರಿಗೆ ಹಿಡಿಸಿತು, ತಮಗೆ ಅದನ್ನೇ ಮಾಡಿಸು ಎಂದಿದ್ದಾರೆ. ನನಗೂ ತಮ್ಮನಿಗೂ ಬೆಳ್ಳಿಯ ಗಂಡಭೇರುಂಡ. ವಧುವಿನ ತಂದೆಯವರಿಗೂ ಒಂದನ್ನು ಉಡುಗೊರೆಯಾಗಿ ಕೊಡೋಣವೆಂದಿದ್ದೇನೆ. ಅವರ ಸ್ವಂತ ಕುಲದ ಟಾರ್ಟನ್ ಮೇಲೆ ಪರನಾಡಿನ ಚಿಹ್ನೆಯ ಪಿನ್ ಧರಿಸುವಂತೆ ಕೇಳುವುದು ಸರಿಯಾದೀತೇ?

ಉತ್ತರ
ಬರೆದವರು: ಜಯಲಕ್ಷ್ಮೀಪುರಂ

ಖಂಡಿತ ಕೊಡಿ. ಕಿಲ್ಟ್ ಪಿನ್‌ಗೆ ಕುಲದ ಕಟ್ಟುಪಾಡಿಲ್ಲ, ಕುಲದ ನಿಯಮವೆಲ್ಲ ಬ್ಯಾಡ್ಜ್‌ಗೆ. ಆದರೆ ಆರತಕ್ಷತೆಯ ದಿನ ಎಲ್ಲರ ಎದುರು ಕೊಡುವ ಬದಲು ಹಿಂದಿನ ಸಂಜೆಯೇ ಮನೆಯಲ್ಲಿ ಕೊಟ್ಟರೆ, ಧರಿಸುವುದೋ ಬೇಡವೋ ಎಂಬುದನ್ನು ಅವರು ನಿರಾಳವಾಗಿ ತೀರ್ಮಾನಿಸಬಹುದು. ಪ್ರಯಾಣದಲ್ಲಿ ಪಿನ್‌ಗಳನ್ನೆಲ್ಲ ಕೈಚೀಲದಲ್ಲಿಡದೆ ದೊಡ್ಡ ಪೆಟ್ಟಿಗೆಯಲ್ಲೇ ಇಡಿ, ಪ್ರತಿಯೊಂದನ್ನೂ ಬೇರೆ ಬೇರೆ ಬಟ್ಟೆಯಲ್ಲಿ ಸುತ್ತಿ. ಬೆಳ್ಳಿಗೆ ಬೆಳ್ಳಿ ತಾಗಿದರೆ ಗೀರು ಬೀಳುತ್ತದೆ.